ಮೊದಲೇ ಓದಿಟ್ಟ ವಾಕ್ಯ

ಫೆಬ್ರವರಿ ೧೨

ಮಗಳೇ,

ಮೊದಲು ಯಾರು ಯಾರು ಇದ್ದೇವೆ ಎಂದು ಹೇಳಿಬಿಡುತ್ತೇನೆ, ಕಥೆ ಆಮೇಲೆ. ನಾನು ಇದ್ದೇನೆ. ನಿನ್ನ ಅಮ್ಮ ಇದ್ದಾಳೆ. ನಿನ್ನ ಅತ್ತಿಗೆ, ಮಕ್ಕಳು ಇದ್ದಾರೆ. ಅಣ್ಣನೂ ಇದ್ದಾನೆ, ಆದರೆ ಮನೆಯಲ್ಲಿಲ್ಲ. ನಮ್ಮ ಪ್ರಾರ್ಥನಾ ಮನೆಗೆ ನಾಲ್ಕು ಗೋಡೆ ಉಳಿದಿವೆ. ಮೇಲೆ ನೋಡಿದರೆ ಆಕಾಶ.

ಫೋನಿನ ಲೈನು, ಇಂಟರ್ನೆಟ್ಟು ಎಲ್ಲ ಕಿತ್ತು ಹಾಕಿದ್ದಾರೆ. ವದಂತಿ ಹರಡಬಾರದಂತೆ. ಹಾಗಾಗಿ ಈ ಕಾಗದವನ್ನು ಬಸ್ಸಿನ ಡ್ರೈವರ್ ಜೇಬಿಗೆ ತುರುಕುತ್ತಿದ್ದೇನೆ. ಮುಂದಿನ ಊರಿನಲ್ಲಿ ಡಬ್ಬಿಗೆ ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದಾನೆ.

ನಡೆದದ್ದು ಇಷ್ಟು. ವಾರದ ಪ್ರಾರ್ಥನೆಗೆ ನಮ್ಮವರೆಲ್ಲ ಒಳಗೆ ಕೂತಿದ್ದೆವು. ಇನ್ನೂ ಬೆಳಕಿತ್ತು. ದೊಡ್ಡ ರಸ್ತೆಯ ಕಡೆಯಿಂದ ಕ್ಯಾನು ಹಿಡಿದುಕೊಂಡು ಹುಡುಗರು ಬಂದರು. ಹೆಚ್ಚಿನವರ ಮುಖ ನಾನು ಕಂಡದ್ದಲ್ಲ. ಒಂದಿಬ್ಬರ ಅಪ್ಪಂದಿರಿಗೆ ಮಾತ್ರ ನಾನೇ ಗೋಡೆ ಬಳಿಯುವ ಬ್ರಷ್ ಮಾಡಿಕೊಟ್ಟಿದ್ದೇನೆ. ಮುಂಬಾಗಿಲಿಗೆ ಬೆಂಕಿ ಬಿತ್ತು. ಹಿಂದಿನ ಬಾಗಿಲು ನಿನಗೆ ನೆನಪಿದೆಯಲ್ಲ, ನಮ್ಮ ಕಾರ್ಖಾನೆಯ ಹಿತ್ತಿಲಿಗೆ ತೆರೆಯುವುದು, ಬ್ರಷ್ಷಿನ ಕೂದಲು ಒಣಹಾಕುತ್ತೇವಲ್ಲ, ಅಲ್ಲಿಗೆ. ಒಬ್ಬರು ಅಡ್ಡ ತಿರುಗಿದರಷ್ಟೇ ಹಿಡಿಸುವ ಬಾಗಿಲು. ಅಷ್ಟೂ ಜನ ಅದರಲ್ಲೇ ಹೊರಗೆ ಬಂದರು! ಹೊಗೆಯೊಳಗಿಂದ ಒಬ್ಬರ ಹಿಂದೆ ಒಬ್ಬರು, ಒಬ್ಬರ ಸೊಂಟ ಇನ್ನೊಬ್ಬರು ಹಿಡಿದುಕೊಂಡು, ತಳ್ಳಾಟವಿಲ್ಲ, ಕಿರುಚಾಟವಿಲ್ಲ. ನಾನು ಹೆಸರು ಹಿಡಿದು ಕೂಗುತ್ತಿದ್ದೆ, ಕೂಗಿದವರು ಬರುತ್ತಿದ್ದರು. ಪ್ರಾರ್ಥನೆ ನಡೆಸುವ ನಮ್ಮ ಹಿರಿಯರ ಅಂಗೈ ಸುಟ್ಟಿದೆ. ಉಳಿದವರಿಗೆ ಏನೂ ಆಗಿಲ್ಲ.

ಅಣ್ಣ ಪ್ರಾರ್ಥನೆಗೆ ಬಂದಿರಲಿಲ್ಲ, ಕೆಲಸದಲ್ಲಿದ್ದ. ಬೆಂಕಿ ಕಂಡು ನೀರು ಹೊತ್ತು ಓಡಿಬಂದ. ಬ್ರಷ್ಷಿನ ಹಿಡಿ ಕೆತ್ತುವ ಚಾಕು ಅವನ ಏಪ್ರನ್ನಿನ ಜೇಬಿನಲ್ಲೇ ಇತ್ತು. ಪೊಲೀಸರು ಬಂದವರೇ ಆ ಕಡೆಯವರನ್ನು ಎಷ್ಟು ಜನ ಹಿಡಿದರೋ ಈ ಕಡೆಯವರನ್ನೂ ಅಷ್ಟೇ ಹಿಡಿದರು, ತಕ್ಕಡಿ ತೂಗಿದ ಹಾಗೆ. ಅಣ್ಣ ಆಯುಧ ಹಿಡಿದಿದ್ದನಂತೆ.

ಮರುದಿನ ಬೇಕರಿ ಭಾವನ ಅಂಗಡಿಯಲ್ಲಿ ಟಿವಿ ಹಾಕಿದ್ದರು. ಅವನು ಬೆಂಕಿ ಹಾಕಿದವರ ಆ ದೊಡ್ಡ ಮತದವನಾದರೂ ಊರಿಗೆಲ್ಲ ಭಾವನೇ ಅಲ್ಲವೇ. ನಿನ್ನ ಚಾನೆಲ್ಲೇ ಬರುತ್ತಿತ್ತು. ನಮ್ಮ ಬೀದಿ ಕಾಣಿಸಿತು. ಅದರ ಮೇಲೆ ದನಿ ಬಂತು ನೋಡು! "ಅಯ್ಯೋ, ನಮ್ಮ ಹುಡುಗಿ ಕಣ್ರೋ! ನಮ್ಮ ಬ್ರಷ್ಷಿನವರ ಹುಡುಗಿ! ಸೌಂಡ್ ಜಾಸ್ತಿ ಮಾಡೋ!" ಎಂದು ಎಲ್ಲರೂ ಎದ್ದು ನಿಂತರು. ಎಷ್ಟೋ ಸಮುದ್ರ ದಾಟಿ ನಿನ್ನ ದನಿ ನಮ್ಮದೇ ಬೀದಿಗೆ ವಾಪಸು ಬಂದಿತ್ತು. ಯಾರೋ ನನ್ನ ಬೆನ್ನು ತಟ್ಟಿದರು. ಆಮೇಲೆ ಅದು ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡೆವು.

"ಎರಡು ಗುಂಪುಗಳ ನಡುವೆ ಘರ್ಷಣೆ ನಡೆದಿದೆ. ಎರಡೂ ಕಡೆಯವರನ್ನು ಬಂಧಿಸಲಾಗಿದೆ. ಪರಿಸ್ಥಿತಿ ಈಗ ನಿಯಂತ್ರಣದಲ್ಲಿದೆ."

ಸ್ಪಷ್ಟವಾಗಿ ಓದಿದ್ದೀಯ. ಒಂದಕ್ಷರ ಜಾರಿಲ್ಲ. ಊರಿನ ಹೆಸರು ಮಾತ್ರ ಯಾಕೋ ಬೇರೆ ಯಾರದೋ ದನಿಯಲ್ಲಿತ್ತು. ನಾನು ಅಲ್ಲೇ ನಿಂತು, ಎರಡನೇ ಗುಂಪು ಯಾವುದು ಎಂದು ಯೋಚಿಸಿದೆ.

ಊಟ ಸರಿಯಾಗಿ ಮಾಡು.

ನಿನ್ನ ಅಪ್ಪ


ಫೆಬ್ರವರಿ ೨೭

ಅಪ್ಪಾ,

ನಿಮ್ಮ ಕಾಗದ ಕೈಯಲ್ಲಿ ಹಿಡಿದುಕೊಂಡು ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೋಗುವವರು ಬರುವವರು ನನ್ನನ್ನು ದಾಟಿಕೊಂಡು ಹೋದರು.

ಆ ವಾಕ್ಯವನ್ನು ನಾನು ಅಂದು ಓದಲಿಲ್ಲ. ಅಂದು ನಾನು ರಜೆಯಲ್ಲಿದ್ದೆ. ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತಿದ್ದೆ. ನಂಬಿ ಎಂದು ಕೇಳುತ್ತಿಲ್ಲ, ಹೇಗೆ ಎಂದು ಹೇಳುತ್ತೇನೆ.

ನಾನು ಇಲ್ಲಿ ಸೇರಿದ ಹೊಸದರಲ್ಲಿ ನನ್ನನ್ನು ಒಂದು ಚಿಕ್ಕ ಕೋಣೆಗೆ ಕಳಿಸಿದರು. ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ದಪ್ಪ ಜಮಖಾನ. ಅಲ್ಲಿ ನಮ್ಮ ಉಸಿರೇ ನಮಗೆ ಬೇರೆ ಯಾರದೋ ಎನ್ನುವಂತೆ ಕೇಳಿಸುತ್ತದೆ. ಎದುರಿಗೆ ಬಿಸಿನೀರಿನ ಲೋಟ, ಕೈಗೆ ಹಾಳೆಗಳು. "ಭಾರೀ ಮಳೆಯಿಂದ ವಿಮಾನ ಸಂಚಾರ ಅಸ್ತವ್ಯಸ್ತಗೊಂಡಿದೆ." "ಮಾರುಕಟ್ಟೆ ಚೇತರಿಸಿಕೊಂಡಿದೆ." "ಸೇತುವೆ ಕುಸಿದಿದೆ." ಹೀಗೆ ಜಗತ್ತಿನಲ್ಲಿ ಏನೇನು ಆಗಬಹುದೋ ಅದೆಲ್ಲವನ್ನೂ ಆಗುವ ಮೊದಲೇ ಓದಿಸಿಟ್ಟುಕೊಂಡರು. ಸುದ್ದಿ ಬಂದ ಕೂಡಲೇ ಸರಿಹೊಂದುವ ವಾಕ್ಯ ಎತ್ತಿಕೊಂಡು, ಊರಿನ ಹೆಸರನ್ನು ಅಂದು ಕೆಲಸದಲ್ಲಿರುವವರು ಹೇಳಿ ಅಂಟಿಸುತ್ತಾರೆ. ಬೇರೆ ಚಾನೆಲ್ಲಿಗಿಂತ ಮುಂಚೆ ಬಿತ್ತರಿಸಬಹುದು. ಮೂಲ ವಾಕ್ಯಗಳನ್ನು ಬರೆಯುವವರು ಇನ್ನೂ ಮೇಲಿನ ಆಫೀಸಿನವರು. ಎಲ್ಲ ಭಾಷೆಯ ವಿಭಾಗಕ್ಕೂ ಅವೇ ವಾಕ್ಯ.

"ಎರಡು ಗುಂಪುಗಳ ನಡುವೆ" ಅವುಗಳಲ್ಲಿ ಒಂದು. ಓದಿ ಮುಗಿಸಿದಾಗ ಎಲ್ಲರೂ ಹೊಗಳಿದ್ದರು. ಅದರಲ್ಲಿ ನನ್ನ ದನಿ ತೂಕವಾಗಿ ನಿಂತಿದೆಯಂತೆ.

ರಜೆ ಮುಗಿಸಿ ಒಳಗೆ ಬಂದೆ. ಗೋಡೆಯ ಮೇಲಿನ ಟಿವಿಯಲ್ಲಿ ನಮ್ಮ ಬೀದಿ ಕಾಣಿಸಿತು. ನಮ್ಮ ಊರು ಉರಿದ ಸುದ್ದಿ ನನಗೆ ಗೊತ್ತಾದದ್ದು ನನ್ನದೇ ಬಾಯಿಂದ ಅಪ್ಪಾ.

ನಿಮ್ಮ ಕಾಗದ ಬಂದ ಮೇಲೆ ಡೆಸ್ಕಿನ ಮೇಡಂ ಹತ್ತಿರ ಹೋದೆ. ಒಳ್ಳೆಯವರು, ನನ್ನ ಗಂಟಲಿನ ಆಪರೇಷನ್ ಆದಾಗ ಆಸ್ಪತ್ರೆಗೆ ಹೂವು ತಂದವರು.

"ಘರ್ಷಣೆ ಅಲ್ಲ ಮೇಡಂ. ಒಳಗೆ ಕೂತವರ ಮೇಲೆ ಬೆಂಕಿ ಹಾಕಿದ್ದು" ಎಂದೆ.

"ಇರಬಹುದು. ಯಾರು ಹಾಕಿದ್ರು ಅಂತ ಯಾರಾದ್ರೂ ಖಾತ್ರಿ ಮಾಡಿದಾರಾ? ಇಲ್ಲ ತಾನೆ. ಖಾತ್ರಿಯಾಗೋವರೆಗೂ ಘರ್ಷಣೆ. ಅದರಿಂದ ಯಾರಿಗೂ ನೋವಾಗಲ್ಲಮ್ಮ."

"ಖಾತ್ರಿಯಾದ ಮೇಲೆ?"

"ಅಷ್ಟು ಹೊತ್ತಿಗೆ ಸುದ್ದಿ ಹಳೇದಾಗಿರುತ್ತೆ" ಎಂದು ನಕ್ಕರು. ಕೆಟ್ಟ ನಗು ಅಲ್ಲ. ಸುಸ್ತಾದವರ ನಗು.

ಅಣ್ಣನನ್ನು ನೋಡಲು ಬಿಡುತ್ತಾರಾ? ಅಮ್ಮ ಯಾಕೆ ಒಂದು ಸಾಲೂ ಬರೆದಿಲ್ಲ?

ನಿಮ್ಮ ಮಗಳು


ಮಾರ್ಚ್ ೧೫

ಮಗಳೇ,

ನಿನ್ನ ಕಾಗದವನ್ನು ಬೇಕರಿಯಲ್ಲಿ ಓದಿ ಹೇಳಿದೆ. ಯಾರೂ ನಂಬಲಿಲ್ಲ. "ಆಗೋದಕ್ಕೆ ಮುಂಚೆ ಹೇಗೆ ಮಾವಾ ಓದ್ತಾರೆ? ಅವಳೇನು ಕಣಿ ಹೇಳ್ತಾಳಾ?" ಎಂದ ಭಾವ. ನಾನೂ ಬ್ರಷ್ಷು ಮಾಡುವವನು. ಯಾರ ಮನೆಯ ಯಾವ ಗೋಡೆಗೆ ಎಂದು ನೋಡಿಯೇನೂ ಮಾಡುವುದಿಲ್ಲ. ಕಟ್ಟಿ, ಡಬ್ಬಿಗೆ ತುಂಬಿ, ದೂರ ದೇಶಕ್ಕೆ ಕಳಿಸುತ್ತೇನೆ. ಹಾಗಾಗಿ ನನಗೆ ಅರ್ಥವಾಯಿತು. ಆದರೂ ರಾತ್ರಿಯ ಅಡುಗೆಯನ್ನು ಬೆಳಗ್ಗೆಯೇ ಬಡಿಸಿಟ್ಟ ಹಾಗೆ ಮಾತನ್ನೂ ಬಡಿಸಿಡುತ್ತಾರೆ ಎಂದರೆ, ಎಂಥ ಕಾಲಕ್ಕೆ ಬಂದೆವಪ್ಪಾ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡೆ.

ಅಣ್ಣನನ್ನು ನೋಡಿದೆ. ಸಣ್ಣಗಾಗಿದ್ದಾನೆ, ಜೋಕು ಬಿಟ್ಟಿಲ್ಲ. "ಇಲ್ಲಿ ನಮ್ಮನ್ನೂ ಅವರನ್ನೂ ಒಂದೇ ಸಾಲಲ್ಲಿ ಊಟಕ್ಕೆ ಕೂರಿಸ್ತಾರೆ ಅಪ್ಪ. ಕ್ಯಾನು ತಂದಿದ್ದವನು ನಂಗೆ ಉಪ್ಪು ಕೊಡ್ತಾನೆ" ಎಂದ. ಆಮೇಲೆ, "ತಂಗಿ ದನಿ ಇಲ್ಲೂ ಬಂತು" ಎಂದ. ಅಷ್ಟೇ. ಏನೂ ಬಯ್ಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳುವವನು ಎಂದು ನೀನು ನನ್ನನ್ನು ಅಣಕಿಸುತ್ತಿದ್ದೆ, ಇವತ್ತು ನೇರವಾಗಿ ಹೇಳುತ್ತೇನೆ. ಇದನ್ನು ವಿಚಾರಿಸಲು ಒಬ್ಬ ಅಧಿಕಾರಿಯನ್ನು ಹಾಕಿದ್ದಾರೆ. ಸಜ್ಜನನಂತೆ ಕಾಣುತ್ತಾನೆ. ನಾನು, ಅತ್ತಿಗೆ ಹೋಗಿ ಕೈ ಮುಗಿದೆವು. ಒಳಗಿದ್ದದ್ದು ಬರೀ ಪ್ರಾರ್ಥನೆಗೆ ಬಂದವರು, ನನ್ನ ಮಗ ನೀರು ತಂದವನು ಎಂದೆವು. ಅವನು ಮೇಜಿನ ಮೇಲಿದ್ದ ಫೋನು ಒತ್ತಿದ. ನಿನ್ನ ದನಿ ಬಂತು.

"ನೀವು ಒಂದು ಹೇಳ್ತೀರಿ, ಅವರು ಒಂದು ಹೇಳ್ತಾರೆ. ಹೊರಗಿನವರು, ಯಾರ ಹಂಗೂ ಇಲ್ಲದವರು, ಇಡೀ ಪ್ರಪಂಚಕ್ಕೆ ಸುದ್ದಿ ಕೊಡೋರು ಇದನ್ನ ಘರ್ಷಣೆ ಅಂದಿದಾರೆ. ಅದೂ ನಿಮ್ಮ ಮಗಳೇ ಅಂತಲ್ಲ ಓದಿರೋದು? ಮಗಳೇ ಹೇಳಿದ ಮೇಲೆ ನಾನೇನ್ರೀ ಮಾಡಲಿ?" ಎಂದ. ಅದು ಮೊದಲೇ ಓದಿಸಿಟ್ಟದ್ದು ಎಂದೆ, ಅದಕ್ಕೆ ಗುರುತೇನು ಎಂದು ಕೇಳಿದ.

ಘರ್ಷಣೆ ಎಂದಾದರೆ ಎರಡೂ ಕಡೆಯವರ ಮೇಲೆ ಒಂದೇ ಕೇಸು. ಚಾಕು ಹಿಡಿದಿದ್ದವನಿಗೆ ವರ್ಷಗಟ್ಟಲೆ ಆಗಬಹುದಂತೆ.

ಬರುವಾಗ ಅತ್ತಿಗೆ ನನಗಿಂತ ಮುಂದೆ ಮುಂದೆ ನಡೆದಳು. ಮನೆ ಹತ್ತಿರ ಬಂದಾಗ, "ನಿಮ್ಮ ಮಗಳ ದನಿ ಸಕ್ಕರೆ ಮಾವಾ. ನನ್ನ ಗಂಡನ್ನ ಕರಗಿಸಿಬಿಡ್ತು" ಎಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಮಕ್ಕಳನ್ನು ಮಲಗಿಸುವಾಗ ಈಗಲೂ ಅತ್ತೆ ಬರುತ್ತಾಳೆ ಎಂದೇ ಹೇಳುತ್ತಾಳೆ.

ಅಮ್ಮ ಬರೆಯುತ್ತಾಳೆ, ಬರೆಯುತ್ತಾಳೆ.

ನಿನ್ನ ಅಪ್ಪ


ಏಪ್ರಿಲ್ ೧೯

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲು ಆ ವಾಕ್ಯದ ಹಾಗೇ ಬರುತ್ತಿತ್ತು, ನಯವಾಗಿ, ಯಾರಿಗೂ ನೋವಾಗದ ಹಾಗೆ. ಹರಿದು ಹಾಕುತ್ತಿದ್ದೆ.

ಇವತ್ತು ಹೇಳಬೇಕಾದದ್ದು ಬೇರೆ. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಮ್ಮಲ್ಲಿ ಶಬ್ದದ ಕೋಣೆಯಲ್ಲಿ ಒಬ್ಬ ತಾತ ಇದ್ದಾರೆ. ಹೊಟ್ಟೆ ದೊಡ್ಡದು, ಕುರ್ಚಿ ಚಿಕ್ಕದು. ಒಂದು ಮಧ್ಯಾಹ್ನ ಅವರ ಹತ್ತಿರ ಹೋಗಿ, "ನನ್ನ ಆ ವಾಕ್ಯವನ್ನ ಎಲ್ಲೆಲ್ಲಿ ಹಾಕಿದೀವೋ, ಅದರ ಕೆಳಗಿರೋ ಶಬ್ದ ಕೇಳಿಸ್ತೀರಾ?" ಎಂದೆ.

"ಕೆಳಗಿರೋದು ಅಂದ್ರೆ?"

"ನನ್ನ ದನಿ ತೆಗೆದುಬಿಟ್ಟು, ಉಳಿದದ್ದು."

ತಾತ ನನ್ನ ಮುಖ ನೋಡಿದರು. "ಕೂತ್ಕೋ ಹಾಗಾದ್ರೆ. ಚಾ ತರಿಸು" ಎಂದರು.

ಅಪ್ಪಾ, ನಾನು ಕೇಳಿದ್ದನ್ನು ಹೇಗೆ ಹೇಳಲಿ? ನಮ್ಮ ಸುದ್ದಿಯಲ್ಲಿ ಚಿತ್ರ ಓಡುತ್ತದೆ, ಅದರ ಜೊತೆ ಬಂದ ಶಬ್ದವನ್ನು ತಗ್ಗಿಸಿ, ಮೇಲೆ ನಮ್ಮ ದನಿ ಹಾಸುತ್ತೇವೆ. ಹಾಸಿದ್ದನ್ನು ಸರಿಸಿದರೆ ಕೆಳಗೆ ಇಡೀ ಲೋಕವೇ ಇತ್ತು. ಒಂದು ಊರಿನಲ್ಲಿ ಮಂಜು. ಬೂಟುಗಳ ಕೆಳಗೆ ಅದು ಕರುಕುರು ಎನ್ನುತ್ತಿದೆ, ಮುದುಕಿಯೊಬ್ಬಳು ಸುಟ್ಟ ತೊಲೆಗಳ ನಡುವೆ ನಿಂತು ಯಾವುದೋ ಪ್ರಾಣಿಯನ್ನು ಕರೆಯುತ್ತಿದ್ದಾಳೆ. ಭಾಷೆ ಗೊತ್ತಿಲ್ಲ, ಆದರೆ ಮುದ್ದಿನ ಪ್ರಾಣಿಯನ್ನು ಕರೆಯುವ ದನಿ ಯಾವ ಭಾಷೆಯಲ್ಲೂ ಗೊತ್ತಾಗುತ್ತದೆ. ಇನ್ನೊಂದು ಊರಿನಲ್ಲಿ ಮಗುವೊಂದು ಜೋರಾಗಿ ಮಗ್ಗಿ ಹೇಳುತ್ತಿದೆ. ಹೊರಗಿನ ಗದ್ದಲ ಕೇಳಿಸದಿರಲಿ ಎಂದು ಯಾರೋ ಹೇಳಿಸುತ್ತಿರಬೇಕು. ಮತ್ತೊಂದು ಕಡೆ ಒಂದು ಪೂಜಾ ಸ್ಥಳ, ಚಾವಣಿ ಇಲ್ಲ, ಗೋಡೆ ಇಲ್ಲ, ಬರೀ ಇಟ್ಟಿಗೆ ರಾಶಿ. ಅದರ ಮುಂದೆ ಒಬ್ಬ ಮುದುಕ, ಕ್ಯಾಮೆರಾದವನ ಬೂಟಿನ ಕಡೆ ಬೆರಳು ತೋರಿಸಿ ಬಿಚ್ಚಿಸುತ್ತಿದ್ದಾನೆ. ಒಳಗೆ ಎಂಬುದೇ ಉಳಿದಿಲ್ಲ, ಆದರೂ ಒಳಗೆ ಬರುವವರು ಬೂಟು ಬಿಡಬೇಕು! ಕ್ಯಾಮೆರಾದವನು ಬಿಚ್ಚಿದ. ಚಿತ್ರ ಅಲುಗಾಡುತ್ತದೆ, ಒಂದು ಬೂಟು, ಆಮೇಲೆ ಇನ್ನೊಂದು ಬೂಟು ನೆಲಕ್ಕೆ ಬಿದ್ದ ಸದ್ದು. ತಾತ ಯಂತ್ರ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

ಒಂದು ದೇಶದಲ್ಲಿ ಪೆಟ್ಟು ತಿಂದವರು ಇನ್ನೊಂದು ದೇಶದಲ್ಲಿ ಪೆಟ್ಟು ಕೊಟ್ಟವರ ಮತದವರೇ. ನಮ್ಮ ಬೀದಿಗೆ ಕ್ಯಾನು ತಂದವರ ದೇವರ ಹೆಸರನ್ನೇ ಕೂಗುತ್ತ ಒಂದು ಊರಿನ ಜನ ಓಡುತ್ತಿದ್ದರು, ಬೆಂಕಿ ಅವರ ಬೆನ್ನ ಹಿಂದಿತ್ತು. ನಾನು ಆ ಹೆಸರನ್ನು ಅಷ್ಟು ದೀನವಾಗಿ ಕೇಳಿದ್ದೇ ಇಲ್ಲ. ಎಲ್ಲರ ಮೇಲೂ ನನ್ನ ಅದೇ ವಾಕ್ಯ, ಅದೇ ತೂಕ, ಅದೇ ಬಿಸಿನೀರು ಕುಡಿದ ಗಂಟಲು.

ಕೊನೆಗೆ ನಮ್ಮ ಬೀದಿ. ಯಾರೋ ದೂರದಿಂದ ಫೋನಿನಲ್ಲಿ ಹಿಡಿದದ್ದು, ಚಿತ್ರದಲ್ಲಿ ಬೀದಿ, ಹೊಗೆ ಅಷ್ಟೇ, ಮುಖಗಳಿಲ್ಲ. ಭಾವನ ಅಂಗಡಿಯ ಶಟರ್ ಬೀಳುವ ಸದ್ದು. ಬೆಂಕಿ ಇಷ್ಟು ಜೋರಾಗಿ ಸದ್ದು ಮಾಡುತ್ತದೆ ಎಂದು ಗೊತ್ತಿರಲಿಲ್ಲ, ದೊಡ್ಡ ಬಟ್ಟೆ ಹರಿದ ಹಾಗೆ. ಆಮೇಲೆ ನೀವು. ಒಂದೊಂದೇ ಹೆಸರು ಕೂಗುತ್ತಿದ್ದೀರಿ. ಅಮ್ಮನ ಹೆಸರನ್ನು ನೀವು ಬಾಯಲ್ಲಿ ಹೇಳಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ, ಅಂದು ಕೇಳಿದೆ. ಕೊನೆಗೆ, ಪೊಲೀಸರು ಎಳೆದೊಯ್ಯುವಾಗ ಇರಬೇಕು, ಅಣ್ಣನ ಹೆಸರು ಕೂಗಿದಿರಿ, ನಿಮ್ಮ ದನಿ ಒಡೆಯಿತು. ತಾತ ನನ್ನ ವಾಕ್ಯವನ್ನು ಮತ್ತೆ ಅದರ ಮೇಲೆ ಹಾಸಿ ತೋರಿಸಿದರು. "ಪರಿಸ್ಥಿತಿ ಈಗ ನಿಯಂತ್ರಣದಲ್ಲಿದೆ" ಸರಿಯಾಗಿ ಅಣ್ಣನ ಹೆಸರಿನ ಮೇಲೆ ಬೀಳುತ್ತದೆ.

ಮೇಡಂಗೆ ಆ ವಾಕ್ಯ ತೆಗೆದುಬಿಡಿ ಎಂದೆ. "ತೆಗೆದರೆ ಅಲ್ಲಿ ತೂತು ಬೀಳುತ್ತೆ, ಏನು ಹಾಕಲಿ?" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮನೆದು ಅಂತ ಇವತ್ತು ಕೇಳ್ತಿದೀಯ. ಅಷ್ಟೂ ಊರುಗಳಿಗೆ ಹಾಕಿದಾಗ ಕೇಳಲಿಲ್ಲವಲ್ಲ" ಎಂದರು. ಯಾವಾಗ ಓದಿದ್ದು ಎಂದು ಬರೆದುಕೊಡಿ, ವಿಚಾರಣೆಗೆ ಬೇಕು ಎಂದೆ. ಅದು ಒಳಗಿನ ವಿಷಯ, ಕೊಡಲು ಬರುವುದಿಲ್ಲವಂತೆ. ನಾನೇ ಹೊರಗೆ ಬಾಯಿ ಬಿಟ್ಟರೆ ನನ್ನ ಕೆಲಸ ಉಳಿಸುವುದು ಅವರ ಕೈಯಲ್ಲಿ ಇರುವುದಿಲ್ಲವಂತೆ.

ಅಣ್ಣನಿಗೆ ಏನು ಹೇಳಲಿ?

ನಿಮ್ಮ ಮಗಳು


ಮೇ ೨

ಪುಟ್ಟೀ,

ನಾನು ಅಮ್ಮ. ನಿಮ್ಮಪ್ಪ ಕಾಗದ ಬರೆದರೆ ಪುರಾಣ, ನಾನು ಬರೆದರೆ ಚೀಟಿ.

ನೀನು ಕೇಳುತ್ತಿದ್ದೆಯಂತೆ, ಅಮ್ಮ ಯಾಕೆ ಬರೆದಿಲ್ಲ ಎಂದು. ನಿನ್ನ ಮೇಲೆ ಕೋಪವಿರಲಿಲ್ಲ. ನಾನು ದಿನಾ ಬೇಕರಿಗೆ ಹೋಗಿ ಕೂರುತ್ತಿದ್ದೆ. ಭಾವ ಫೋನಿನಲ್ಲಿ ಆ ಸುದ್ದಿ ಹಿಡಿದಿಟ್ಟಿದ್ದ. ಹಾಕು ಎನ್ನುತ್ತಿದ್ದೆ. "ಯಾಕತ್ತೆ ಸುಮ್ನೆ ಹೊಟ್ಟೆ ಉರಿಸ್ಕೊಳ್ತೀರಾ?" ಎಂದು ಬಯ್ಯುತ್ತ ಹಾಕುತ್ತಿದ್ದ. ನನಗೆ ಸುದ್ದಿ ಬೇಕಿರಲಿಲ್ಲ. ಗಂಟಲು ಕೊಯ್ಯುವುದಕ್ಕೆ ಮುಂಚಿನ ನಿನ್ನ ದನಿ ಅದು. ಆ ದನಿ ಹೋಯಿತು, ಇನ್ನು ಕೇಳುವುದಿಲ್ಲ ಎಂದುಕೊಂಡಿದ್ದೆ. ಈಗಿನದು ದಪ್ಪ, ಅಂಚಿನಲ್ಲಿ ಸೀಳಿದೆ. ಅದೂ ನನಗೆ ಇಷ್ಟವೇ, ಆದರೆ ಅದು ಬೇರೆ.

ನಿನ್ನ ಕಾಗದವನ್ನು ಅಪ್ಪ ಓದಿ ಹೇಳುವಾಗ, "ಯಾವಾಗ ಓದಿದ್ದು ಅನ್ನೋದಕ್ಕೆ ಗುರುತೇ ಇಲ್ವಲ್ಲ" ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. "ಗುರುತು ಯಾಕಿಲ್ಲ? ಕೇಳಿದರೆ ಗೊತ್ತಾಗಲ್ವಾ?" ಎಂದೆ. ಹಾಗೇ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. ಇಡೀ ಬೀದಿಗೆ ಅದು ನಿನ್ನ ದನಿ ಎಂದು ಗೊತ್ತಾಯಿತು, ಯಾವಾಗಿನದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಈ ತಿಂಗಳ ಕೊನೆಗೆ ವಿಚಾರಣೆ. ಫೋನಿನ ಲೈನು ಬಂದಿದೆ. ಅಧಿಕಾರಿ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾರಂತೆ. ಹೇಳು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಮೈಕು ಹಿಡಿಯಬೇಕು ಎಂದು ನೀನು ಚಿಕ್ಕಂದಿನಲ್ಲಿ ಪೊರಕೆ ಹಿಡಿದು ಕಲಿತದ್ದು ನನಗೆ ಗೊತ್ತು.

ಅಮ್ಮ


ಮೇ ೧೩

ಅಮ್ಮಾ,

ಆವತ್ತು ಮಧ್ಯಾಹ್ನ ಫೋನಿನ ಹತ್ತಿರ ಇರುತ್ತೇನೆ. ಮೇಡಂಗೆ ಹೇಳಿಯಾಯಿತು. ಮೇಜಿನ ಮೇಲಿದ್ದ ನನ್ನ ಲೋಟವನ್ನು ತೊಳೆದಿಟ್ಟಿದ್ದೇನೆ. ತಾತ ಮಾತ್ರ, "ಚೆನ್ನಾಗಿ ಮಾತಾಡು. ಉಸಿರು ಮೊದಲು ತಗೋ" ಎಂದರು.

ಅತ್ತಿಗೆಗೆ ಹೇಳಿ, ಮಕ್ಕಳಿಗೆ ಅತ್ತೆ ಬರುತ್ತಾಳೆ ಎಂದೇ ಹೇಳುತ್ತಿರಲಿ.

ಪುಟ್ಟಿ


ಜೂನ್ ೫

ಮಗಳೇ,

ನೀನು ಎಲ್ಲ ಕೇಳಿದ್ದೀಯ, ಆದರೆ ಏನೂ ನೋಡಿಲ್ಲ. ಕಿವಿಗೆ ಸಿಕ್ಕಿದ್ದು ನಿನ್ನ ಪಾಲು, ಕಣ್ಣಿಗೆ ಸಿಕ್ಕಿದ್ದು ನನ್ನ ಪಾಲು. ನನ್ನ ಪಾಲನ್ನು ಬಡಿಸುತ್ತೇನೆ, ಕೂತುಕೋ.

ಉದ್ದನೆಯ ಕೋಣೆ. ಎತ್ತರದ ಕಿಟಕಿಗಳು, ಕಿಟಕಿಗಳಿಗೆ ದೂಳು. ಒಂದು ಕಡೆ ನಮ್ಮ ಬೀದಿಯವರು, ಇನ್ನೊಂದು ಕಡೆ ಕ್ಯಾನು ತಂದವರ ಕಡೆಯವರು, ನಡುವೆ ಖಾಲಿ ಜಾಗ. ಬೇಕರಿ ಭಾವ ಬಂದವನು ಎಲ್ಲಿ ಕೂರುವುದೆಂದು ತೋಚದೆ ಬಾಗಿಲಲ್ಲೇ ನಿಂತಿದ್ದ. ಅಣ್ಣನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಅಧಿಕಾರಿ ಫೋನನ್ನು ಮೇಜಿನ ನಡುವೆ ಇಟ್ಟು ನಿನ್ನ ನಂಬರು ಒತ್ತಿದ. ಒಂದು ಅಂಗೈ ಅಗಲದ ಕಪ್ಪು ವಸ್ತು, ಅದರೊಳಗೆ ನೀನು. ಎಲ್ಲರೂ ಅದರ ಕಡೆ ಬಾಗಿದರು.

ಮೊದಲು ಅವನು ಇನ್ನೊಂದು ಫೋನಿನಲ್ಲಿ ಸುದ್ದಿಯನ್ನು ಹಾಕಿದ. ತಿಳಿಯಾದ, ಹರೆಯದ ದನಿ. ಆಮೇಲೆ, "ಈಗ ನೀವು ಅದೇ ವಾಕ್ಯ ಓದಿಮ್ಮ" ಎಂದ.

ನೀನು ಉಸಿರು ತೆಗೆದುಕೊಂಡದ್ದು ಕೋಣೆಗೆಲ್ಲ ಕೇಳಿಸಿತು. ಓದಿದೆ. ಅದೇ ಮಾತು, ಅದೇ ಏರಿಳಿತ, ಆದರೆ ದನಿ ದಪ್ಪ, ಒರಟು, ಸೀಳಿದ್ದು. ಒಬ್ಬಳೇ ಹೆಂಗಸು ಎರಡು ವಯಸ್ಸಿನಲ್ಲಿ ಒಂದೇ ಕೋಣೆಯೊಳಗೆ ನಿಂತ ಹಾಗಾಯಿತು. ಮೂಲೆಯಲ್ಲಿ ಟೈಪು ಮಾಡುತ್ತಿದ್ದಾಕೆ ಕೈ ನಿಲ್ಲಿಸಿದಳು. ಆ ಕಡೆ ಕೂತವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಅದನ್ನೊಮ್ಮೆ ಇದನ್ನೊಮ್ಮೆ ಮತ್ತೆ ಕೇಳಿದ. ಕನ್ನಡಕ ಹಣೆಗೇರಿಸಿಕೊಂಡ.

ನಿನ್ನ ಅಮ್ಮ ಯಾರೂ ಕರೆಯದೇ ಎದ್ದು ನಿಂತಳು. "ಇದು ಈಗಿನ ನನ್ನ ಮಗಳು ಸಾರ್. ಅದು ಆಪರೇಷನ್ನಿಗೆ ಮುಂಚಿನ ನನ್ನ ಮಗಳು. ಗಂಟಲು ಕೊಯ್ದು ಎರಡು ವರ್ಷದ ಮೇಲಾಯ್ತು. ಪ್ರಾರ್ಥನಾ ಮನೆ ಸುಟ್ಟದ್ದು ಮೊನ್ನೆ" ಎಂದಳು. ನಮ್ಮ ಮನೆಯಲ್ಲಿ ಪುರಾಣ ಹೇಳುವವನು ನಾನಂತೆ!

"ಹಾಗಾದ್ರೆ ಇದು ಈ ಊರಿನ ಬಗ್ಗೆ ಹೇಳಿದ ಮಾತೇ ಅಲ್ಲ?" ಎಂದ ಅಧಿಕಾರಿ.

"ಅಲ್ಲ ಸರ್" ಎಂದೆ ನೀನು. "ಯಾವ ಊರಿನ ಬಗ್ಗೆಯೂ ಹೇಳಿದ್ದಲ್ಲ. ಹೇಳುವಾಗ ಎಲ್ಲೂ ಏನೂ ಆಗಿರಲಿಲ್ಲ."

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ನಮ್ಮ ಕಡೆ ತಿರುಗಿ, "ಹಾಗಾದ್ರೆ ಅವತ್ತು ಆದದ್ದೇನ್ರೀ?" ಎಂದ.

ಮಗಳೇ, ಬೆಂಕಿ ಬಿದ್ದು ನಾಲ್ಕು ತಿಂಗಳಾಗುತ್ತ ಬಂದಿತ್ತು. ಪೊಲೀಸರು ಬಂದಿದ್ದರು, ಟಿವಿಯವರು ಬಂದು ಹೋಗಿದ್ದರು, ದೊಡ್ಡವರು ಕಾರಿನಲ್ಲಿ ಬಂದು ಶಾಂತಿ ಕಾಪಾಡಿ ಎಂದಿದ್ದರು. ಏನಾಯಿತು ಎಂದು ಒಬ್ಬರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ! ಅಷ್ಟು ಚಿಕ್ಕ ಪ್ರಶ್ನೆ. ಮಾತಿನ ಮಲ್ಲ ಎಂದು ಕರೆಸಿಕೊಂಡ ನನ್ನ ನಾಲಿಗೆ ಒಣಗಿ ಅಂಟಿಕೊಂಡಿತು. ನಿಂತೇ ಇದ್ದೆ.

ಆಗ ಬಾಗಿಲಿನಿಂದ ಭಾವ ನಡೆದು ಬಂದ. ಅವರ ಕಡೆಗೂ ಹೋಗಲಿಲ್ಲ, ನಮ್ಮ ಕಡೆಗೂ ಬರಲಿಲ್ಲ. ನಡುವಿನ ಖಾಲಿ ಜಾಗದಲ್ಲಿ ನಿಂತ. ಕೈಯಲ್ಲಿ ಇನ್ನೂ ಹಿಟ್ಟಿತ್ತು.

"ಗುಂಪು ಒಂದೇ ಇತ್ತು ಸಾರ್" ಎಂದ. "ನಾನು ಶಟರ್ ಎಳೆದೆ. ಸುಳ್ಳು ಹೇಳಲ್ಲ, ಹೆದರಿ ಎಳೆದೆ. ಸಂದಿಯಲ್ಲಿ ನೋಡ್ದೆ. ಬಂದೋರು ಒಂದೇ ಗುಂಪು. ಎರಡನೇ ಗುಂಪು ಅಂತೀರಲ್ಲ, ಅದು ಒಳಗೆ ಕಣ್ಣು ಮುಚ್ಕೊಂಡು ಕೂತಿತ್ತು. ಈ ಹುಡುಗ ಬಕೆಟ್ ತಂದಿದ್ದ. ಬಕೆಟ್ ನಂದೇ. ಇನ್ನೂ ವಾಪಸು ಕೊಟ್ಟಿಲ್ಲ."

ಯಾರೋ ನಕ್ಕುಬಿಟ್ಟರು. ಅಣ್ಣ ತಲೆ ತಗ್ಗಿಸಿದವನು ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಅಧಿಕಾರಿ ಗದರಿದ. "ಟಿವಿಲೇ ಹೇಳಿದ್ರಲ್ಲ ಸಾರ್, ಬೇರೆ ಹೇಳೋಕೆ ನಾನ್ಯಾರು ಅಂತ ಸುಮ್ಮನಿದ್ದೆ" ಎಂದ ಭಾವ. ಅವನ ಕಡೆಯವರಲ್ಲೊಬ್ಬ "ಮನೆಗೆ ಬಾ, ನೋಡ್ಕೋತೀವಿ" ಎಂದು ಗೊಣಗಿದ. "ಬರ್ತೀನಿ, ನಾಳೆ ಬ್ರೆಡ್ ಬೇಡ್ವಾ ನಿಂಗೆ?" ಎಂದ ಇವನು. ಹಾಗೆನ್ನುತ್ತ ಕೈಯ ಹಿಟ್ಟನ್ನು ಅಂಗಿಗೆ ಒರೆಸಿಕೊಂಡ.

ಅವನ ಹಿಂದೆ ಅವರ ಕಡೆಯ ಹೆಂಗಸೊಬ್ಬಳು ಎದ್ದಳು. ಅವಳ ಹಿಂದೆ ನಮ್ಮ ಹಿರಿಯರು ಸುಟ್ಟ ಕಲೆಯ ಕೈ ಎತ್ತಿದರು. ಆಮೇಲೆ ನನ್ನ ನಾಲಿಗೆಯೂ ಬಂತು, ಬಂದ ಮೇಲೆ ನಿಲ್ಲಲಿಲ್ಲ. ಹಿಂದಿನ ಬಾಗಿಲ ಕಥೆ ಹೇಳಿದೆ. ಟೈಪಿನಾಕೆ ನನ್ನ ವೇಗಕ್ಕೆ ಸಾಕಾಗಿ, "ಸ್ವಲ್ಪ ನಿಧಾನ ಅಜ್ಜಾ" ಎಂದಳು. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು, ನೆಲ ದಾಟಿ, ಆಚೆ ಗೋಡೆ ಹತ್ತುವವರೆಗೆ ಜನ ಹೇಳುತ್ತಲೇ ಇದ್ದರು. ಒಂದು ಊರಿನ ಬಾಯಲ್ಲಿ ಇಷ್ಟೊಂದು ಇತ್ತೇ ಎಂದು ನಾನು ಕಣ್ಣು ಕಣ್ಣು ಬಿಟ್ಟೆ.

ಅಣ್ಣ ಮನೆಗೆ ಬಂದ. ನಮ್ಮ ಬೀದಿಯವರ ಮೇಲಿನ ಕೇಸು ಬಿಟ್ಟಿದ್ದಾರೆ. ಅತ್ತಿಗೆ ಅವನಿಗೆ ತಿನ್ನಿಸಿ ತಿನ್ನಿಸಿ, ಅವನೀಗ ನನ್ನ ಕಣ್ಣಿಗೆ ಬೀಳದೆ ಕಾರ್ಖಾನೆಯಲ್ಲಿ ನಿದ್ದೆ ಹೊಡೆಯುತ್ತಾನೆ. ಕ್ಯಾನು ತಂದವರದು ಇನ್ನೂ ನಡೆಯುತ್ತಿದೆ. ಅದು ಏನಾಗುವುದೋ ಹೇಳಲಾರೆ. ನಿನ್ನ ಕೆಲಸ ಹೋಯಿತು ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ನನ್ನ ಹತ್ತಿರ ಅದರ ಮಾತು ತೆಗೆಯಲಿಲ್ಲ, ನಾನೂ ತೆಗೆಯುವುದಿಲ್ಲ.

ಒಂದು ಮಾತ್ರ ಹೇಳಬೇಕು. ಎಲ್ಲರೂ ಹೇಳಿ ಮುಗಿಸಿ, ಜನ ಎದ್ದು, ಬೆಂಚುಗಳು ಸರಿದಾಡಿ, ಅಧಿಕಾರಿ ಕಾಗದ ಜೋಡಿಸಿಕೊಂಡು ಫೋನನ್ನು ಜೇಬಿಗೆ ಹಾಕಲು ಎತ್ತಿಕೊಂಡ. ಎತ್ತಿದವನು ಹಾಗೇ ನಿಂತ. ಅದನ್ನು ಯಾರೂ ಆರಿಸಿರಲಿಲ್ಲ. ಅಷ್ಟು ಹೊತ್ತೂ ಅದು ಲೈನು ಕಡಿಯದೆ ಮೇಜಿನ ನಡುವೆ ಬಿದ್ದಿತ್ತು. ಒಂದು ಸದ್ದಿಲ್ಲ, ಒಂದು ಕೆಮ್ಮಿಲ್ಲ. ಅವನು ಅದನ್ನು ಬಾಯಿಯ ಹತ್ತಿರ ತಂದು, ಗುಡಿಯೊಳಗೆ ಮಾತಾಡಿದ ಹಾಗೆ ಮೆಲ್ಲಗೆ, "ಹಲೋ? ಅಮ್ಮಾ, ಇದ್ದೀರಾ?" ಎಂದ.

ಇಡೀ ಕೋಣೆ ನಿಂತಲ್ಲೇ ನಿಂತಿತು.

"ಇದ್ದೀನಿ ಸರ್" ಎಂದೆ ನೀನು, ನಿನ್ನ ಈಗಿನ ದನಿಯಲ್ಲಿ. "ಕೇಳ್ತಾ ಇದ್ದೀನಿ."

ನಿನ್ನ ಅಪ್ಪ